ಹದಿನೇಳನೇ ಪಾವಟಿಗಿ

ರಾತ್ರಿ ಒಂಬತ್ತರ ಮ್ಯಾಲ ಆಗಿತ್ತು. ಬೀಡಿ ಊರಿಂದ ಒಂದೂವರಿ ಮೈಲು ಹೊರಗ, ಹೊಲದ ದಾರ್ಯಾಗ ಇಬ್ಬರು ಊರ ಕಡೆ ಹೊಂಟಿದ್ರು. ಮುಂದ ಕಂದೀಲು ಹಿಡದು ನನ್ನ ಕಾಕಾನ ಮಗ ಉಳವಪ್ಪ. ಹಿಂದ ನಟ್ಟು ಬಿಚ್ಚೂ ಪಾನಾದ ಚೀಲಾ ಹೊತ್ತುಕೊಂಡು ಅವನ ಗೆಳ್ಯಾ ಭರಮಪ್ಪ. ಎಡಕ್ಕ ಆಲದ ಗಿಡ, ಗಿಡದ ಬುಡಕ್ಕ ಹತ್ತಿ ಹಳೇ ಬಾವಿ. ದಿನಾ ಪೂರ್ತಿ ಆ ಬಾವಿಗೆ ಎಂಜಿನ್ ಹಚ್ಚಿ ನೀರು ಎತ್ತಿದ್ರು. ಎಂಜಿನ್ ಬಂದ್ ಮಾಡಿ ಅರ್ಧಾ ತಾಸು ಆಗಿತ್ತು. ಆದ್ರೂ ಬಾವಿಯೊಳಗಿಂದ ಸಪ್ಪಳ ಬರಾಕ ಹತ್ತಿತ್ತು.

ಗುಳು… ಗುಳು… ಗುಳು.

ಯಾರೋ ತಂಬಿಗಿ ಎತ್ತಿ ನೀರು ಕುಡದಂಗ. ಗುಟುಕಿಗೊಮ್ಮೆ ನಿಂತು, ಉಸರು ತಗೊಂಡು, ಮತ್ತ ಕುಡದಂಗ.

"ಕೇಳಿದ್ಯಾ?" ಅಂದಾ ಉಳವಪ್ಪ.

"ಕೇಳಿದೆ. ನಡಿ."

"ಎಲ್ಲಿಂದ ಬರಾಕ ಹತ್ತೈತಿ ಅದು?"

"ಎಲ್ಲಿಂದರ ಬರ್ಲಿ. ನೀ ನಡಿಯೋ ಮಾರಾಯಾ…"

ಅಂವ ನಡೀಲಿಲ್ಲ. ನಿಂತಾ. ಅಲ್ಲೇ ಕೆಟ್ಟಿತು ನೋಡ್ರಿ.

ನಗಬ್ಯಾಡ್ರಿ ತಮ್ಮಗೋಳ. ತಾಟು ಸರಸಿ ಕೈ ತೊಳಕೊರಿ, ಲೈಟು ಈಗೇನ ಬರೂದಿಲ್ಲ. ಇಷ್ಟೊತ್ತನಾ ನೀವ ಹೇಳಾಕ ಹತ್ತಿದ್ರೆಲ್ಲ, ಕ್ಯಾಂಪಿನ್ಯಾಗ ಹೊಸಾ ಆಟದ ಅಂಗಡಿ ಬಂದೈತಿ ಅಂತ, ಟಿವಿಯೊಳಗ ಒಬ್ಬ ಮನಷಾ ಕಲ್ಲು ದಬ್ಬತಾನಂತ, ನೀರು ಇಳಸತಾನಂತ, ದೀಪಾ ಹಚ್ಚತಾನಂತ, ಬಾಗಲಾ ತಗದು ಒಳಗಿನ ಬಂಗಾರಾ ಹೊಡಕೊಂಡು ಬರತಾನಂತ. ಸತ್ರೂ ಮೂರು ಸಲ ಜೀವಾ ಬರತೈತಂತ. ಚಲೋ ಆತು. ಅದನ್ನ ಕೇಳೇ ನನಗ ಉಳವಪ್ಪನ ನೆನಪು ಬಂತು. ಅವನೂ ಇದ ಆಟಾ ಆಡಿದಾ. ಟಿವಿಯೊಳಗಲ್ಲ.

ಮೊದಲ ಹೇಳತೀನಿ, ಈ ಕಾಶವ್ವ ಯಾರನ್ನೂ ಸುಮ್ಮ ನಂಬಾಕಿ ಅಲ್ಲ. ಹಾಲಿನಾಂವ ಹಾಲು ಹಾಕಿದ್ರ ಬೆರಳು ಅದ್ದಿ ನೋಡತೀನಿ. ಇಪ್ಪತ್ತು ವರ್ಷಾ ಬೆಳಗಾವ್ಯಾಗ ಖಾನಾವಳಿ ನಡಸೀನಿ, ರೊಟ್ಟಿ ಎಷ್ಟು ತಿಂದ್ರಿ ಅಂದ್ರ ನಾಕು ಅನ್ನಾಂವ ಆರು ತಿಂದಿರ್ತಾನ, ನನಗ ಗೊತ್ತೈತಿ. ದೆವ್ವ ಅಂದ್ರೂ ಅಷ್ಟ, ದೇವರು ಅಂದ್ರೂ ಅಷ್ಟ, ನಾ ಎರಡು ಸಲ ಕೇಳಾಕಿ. ಈ ಸುದ್ದೀನೂ ಹಂಗ. ಉಳವಪ್ಪನ್ನ ಬ್ಯಾರೆ ಕುಂದ್ರಿಸಿ ಕೇಳೀನಿ, ಭರಮಪ್ಪನ್ನ ಬ್ಯಾರೆ ಕುಂದ್ರಿಸಿ ಕೇಳೀನಿ. ಇಬ್ಬರ ಮಾತೂ ಒಂದ ಇತ್ತು. ಕಡೀದನ್ನ ಯಾರನ್ನೂ ಕೇಳೂದು ಬೇಕಾಗಲಿಲ್ಲ… ನಾನ ಅಲ್ಲಿದ್ದೆ.

ಎಪ್ಪತ್ತೊಂಬತ್ತನೇ ಇಸವಿ. ಯುಗಾದಿ ಮುಗದು ಒಂದು ವಾರ ಆಗಿತ್ತು. ಉಳವಪ್ಪನ ಅವ್ವ, ನಮ್ಮ ಚಿಗವ್ವ, ಅಂವ ನಾಕು ವರ್ಷದಾಂವ ಇದ್ದಾಗ ತೀರಿಕೊಂಡ್ಲು. ನನ್ನ ನಡಾದ ಮ್ಯಾಲ ಬೆಳದಾಂವ ಅಂವ. ದೊಡ್ಡಾಂವ ಆಗಿ ಎಂಜಿನ್ ಮಿಸ್ತ್ರಿ ಆದಾ, ಖಾನಾಪುರದಾಗ ಮನಿ ಮಾಡಿದಾ. ಹೇಣ್ತಿ ಕಾಂತಾ ಆಗ ಐದು ತಿಂಗಳ ಬಸರಿ. ಸುತ್ತ ಹಳ್ಳ್ಯಾಗ ಯಾರ ಬಾವಿಗೆ ಎಂಜಿನ್ ಕುಂದ್ರಿಸೂದಿದ್ರೂ ಅವನ್ನ ಕರೀತಿದ್ರು. ಕೈ ಹಂಗ ಇತ್ತು. ಖರೇ ಒಂದು ಚಟಾ. ಕುಡಿಯೂದಲ್ಲ, ಇಸ್ಪೀಟಲ್ಲ. ಬಿಚ್ಚಲಾರದ ಗಂಟು ಕಂಡ್ರ ಅವಗ ನಿದ್ದಿ ಬರ್ತಿದ್ದಿಲ್ಲ. ಸಣ್ಣಾಂವ ಇದ್ದಾಗ ನಮ್ಮ ಗ್ವಾಡಿ ಗಡಿಯಾರಾ ಬಿಚ್ಚಿ ಹರವಿ ಕುಂತಿದ್ದಾ. ನಾ ಬಡದೆ. ಬಡಸಿಕೊಂತ ಜೋಡಿಸಿದಾ!

ಆ ಬಾವಿ ಇದ್ದ ಹೊಲಾ ದುಂಡಪ್ಪಗೌಡ್ರು ಹೊಸದಾಗಿ ತಗೊಂಡಿದ್ರು. ಹಳೇ ಕಾಲದ ಬಾವಿ. ಒಂದು ಮಗ್ಗಲಾ ಮ್ಯಾಲಿಂದ ತಳದ ತನಕಾ ಕಲ್ಲಿನ ಪಾವಟಿಗಿ. ಉಳವಪ್ಪ ಎಂಜಿನ್ ಹಚ್ಚಿದಾ. ನೀರು ಇಳೀತು. ಒಂದು ಪಾವಟಿಗಿ, ಎರಡು, ಹತ್ತು, ಹದಿನೈದು… ಹದಿನಾರಕ್ಕ ಬಂದು ನಿಂತಿತು. ಮುಂದ ಇಳೀವಲ್ದು. ಎರಡು ತಾಸು ಓಡಿಸಿದ್ರೂ ಅಷ್ಟ, ಆರು ತಾಸು ಓಡಿಸಿದ್ರೂ ಅಷ್ಟ. ಎಂಜಿನ್ ಬಂದ್ ಮಾಡಿ ಹೊಂಟ ಮ್ಯಾಲ ಆ ಸಪ್ಪಳ. ಗುಳು… ಗುಳು.

"ಇದು ಝರಿ ಅಲ್ಲ ಭರಮ್ಯಾ," ಅಂದಾನ ಉಳವಪ್ಪ. "ಝರಿ ಇದ್ರ ಹಗಲೀನೂ ಬರ್ತಿತ್ತು. ಯಾರೋ ಲೆಕ್ಕಾ ಹಾಕಿ ಮಾಡ್ಯಾರ."

ಮರುದಿನ ಒಲಿ ಬೂದಿ ಒಯ್ದು ನೀರಿನ ಮ್ಯಾಲ ಚೆಲ್ಲಿದಾ. ನೋಡ್ರಿ ಬುದ್ಧಿ! ಹದಿನಾರನೇ ಪಾವಟಿಗಿ ಮಟ್ಟಕ್ಕ ಗ್ವಾಡ್ಯಾಗ ಮೂರು ತೂತು ಇದ್ವು. ಎರಡರ ಮುಂದ ಬೂದಿ ಸುಮ್ಮ ನಿಂತಿತು. ಒಂದರ ಮುಂದ ಬೂದಿ ದೂರ ಸರೀತು. ಗೊತ್ತಾತು. ಅದಕ್ಕ ಗೋಣಿಚೀಲಾ ಸುತ್ತಿ, ಜೇಡಿಮಣ್ಣು ಮೆತ್ತಿ ತುರುಕಿದಾ. ಎಂಜಿನ್ ಹಚ್ಚಿದಾ. ಒಂದು ತಾಸಿಗೆ ನೀರು ಕೆಳಗಿಳೀತು.

ಹದಿನೇಳನೇ ಪಾವಟಿಗಿ ಹೊರಗ ಬಂತು. ಅದರ ಬಾಜು ಗ್ವಾಡ್ಯಾಗಿಂದ ಒಂದು ಕೈ ಹೊರಗ ಬಂದಿತ್ತು.

ಕಲ್ಲಿಂದು ರೀ. ಮೊಣಕೈ ತನಕಾ ಕಡದ ಕೈ. ಅಂಗೈ ಮ್ಯಾಲ ಮಾಡಿ, ಬೆರಳು ಚೂರು ಬಗ್ಗಿಸಿ, ಏನರ ಕೊಡ್ರಿ ಅಂದಂಗ. ಎಡಗೈ.

ಕೈ ಕೆಳಗ ಒಂದು ಚಪ್ಪಡಿ. ಸುತ್ತಲೂ ಕೂದಲಷ್ಟು ಸಂದು. ಭರಮಪ್ಪ ಚಿಮಣಿ ದೀಪಾ ಹಿಡದಾ. ಉರಿ ಸಂದಿನ ಕಡೆ ಬಗ್ಗಿತು. ಒಳಗ ಗಾಳಿ ಎಳೀತಿತ್ತು. ಒಳಗ ಖೋಲಿ ಐತಿ ಅಂತ ಸಣ್ಣ ಕೂಸಿಗೂ ತಿಳೀತಿತ್ತು. ಆ ಕಡೆ ಮಂದಿ ಮೊದಲಿಂದ ಹೇಳತಾರ, ಹಿಂದ ದಂಡು ಬಂದಾಗ ಸಾವಕಾರ್ರು ಬಂಗಾರಾ ಬಾವ್ಯಾಗ ಮುಚ್ಚಿಟ್ಟು ಓಡಿ ಹ್ವಾದ್ರು ಅಂತ. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಯಾರೂ ಬಂಗಾರ ಅನ್ನಲಿಲ್ಲ.

ಉಳವಪ್ಪ ಕೈ ಒತ್ತಿದಾ. ಚೂರು ಕೆಳಗ ಹೋತು, ಬಿಟ್ಟ ಕೂಡ್ಲೆ ಮ್ಯಾಲ ಬಂತು. ಭಾರ ಇಡಬೇಕು ಅಂತ ತಿಳೀತು. ಒಂದು ಕಲ್ಲು ಇಟ್ಟಾ. ಕೈ ಕೆಳಗ ಹೋತು… ಮ್ಯಾಲ ತುರುಕಿದ ಗೋಣಿಚೀಲಾ ಭಸ್ ಅಂತ ಹಾರಿ ಬಂತು! ನೀರು ನುಗ್ಗಿತು. ಕಣ್ಣು ಮುಚ್ಚಿ ತಗಿಯೂದ್ರಾಗ ನಡಾದ ಮಟಾ. ಭರಮಪ್ಪಗ ಈಸು ಬರೂದಿಲ್ಲ, ಕೂದಲಾ ಹಿಡದು ಎಳಕೊಂಡು ಬಂದಾ ಉಳವಪ್ಪ.

ಅಷ್ಟಕ್ಕ ಬಿಡಬೇಕಿಲ್ಲೋ? ಬಿಡಲಿಲ್ಲ. ಮರುದಿನ ಮತ್ತ ತೂತು ಮುಚ್ಚಿದ್ರು, ನೀರು ಇಳಿಸಿದ್ರು, ಕೈಯಾಗ ಎಂಜಿನ್ನಿನ ಕಬ್ಬಿಣದ ತುಂಡು ಇಟ್ರು. ಮತ್ತ ಭಸ್. ಮತ್ತ ನೀರು.

"ಇದು ಕೀಲಿ ಐತಿ," ಅಂದಾ ಉಳವಪ್ಪ, ಮ್ಯಾಲ ಕುಂತು ಅರಬಿ ಹಿಂಡಕೋತ. "ಸುಳ್ಳ ಕೀಲಿಕೈ ಹಾಕಿದ್ರ ಮುಳಗಸತೈತಿ. ಖರೇ ಕೀಲಿಕೈ ಯಾವುದು ಅಷ್ಟ ತಿಳೀಬೇಕು."

"ತಿಳಿಯೂದು ಬ್ಯಾಡ," ಅಂದಾ ಭರಮಪ್ಪ. "ಕೈ ಒಡ್ಡಿ ಕುಂತಾವರಿಗೆ ಏನು ಬೇಕು ಅಂತ ಕೇಳಬಾರದೋ. ಕೇಳಿದ್ರ ಕೊಡಬೇಕಾಗತೈತಿ."

ಕುರಿ ಕಾಯೂ ಮನಿತನದಾಂವ ಭರಮಪ್ಪ. ಸಾಲಿ ಕಲ್ತಿಲ್ಲ. ಮಾತು ಮಾತ್ರ ನೋಡ್ರಿ.

ಮೂರನೇ ದಿನ ಉಳವಪ್ಪ ಗ್ವಾಡಿ ತುಂಬ ನೋಡಿದಾ. ಕೈ ಎದುರಿನ ಗ್ವಾಡ್ಯಾಗ ದೀಪದ ಗೂಡು ಐದು. ನಾಕು ಗೂಡಿನ ಕಲ್ಲು ಬೆಳ್ಳಗ ಇತ್ತು. ಒಂದರೊಳಗ ಮಾತ್ರ ಕಾಡಿಗಿ ಹತ್ತಿತ್ತು. ಅಂದ್ರ ಅಷ್ಟು ವರ್ಷ ದೀಪಾ ಇಟ್ಟದ್ದು ಅದೊಂದರಾಗ. ಅದರಾಗ ಚಿಮಣಿ ಇಟ್ಟಾ. ಬೆಳಕು ಅಡ್ಡ ಬಂದು ಆ ಅಂಗೈ ಮ್ಯಾಲ ಬಿತ್ತು. ಅಂಗೈ ನಡಬರಕ ಒಂದು ಕುಳಿ ಕಂಡಿತು. ಉಳೀಲೆ ಹೊಡದ ಕುಳಿ ಅಲ್ಲ. ತಿಕ್ಕಿ ತಿಕ್ಕಿ ಸವದ ಕುಳಿ. ದುಂಡಗ, ಸಣ್ಣದು.

ಉಳವಪ್ಪನ ಮಾರಿ ಅರಳಿತು ಅಂತ ಹೇಳಿದಾ ಭರಮಪ್ಪ.

ನಮ್ಮ ಮಂದ್ಯಾಗ, ನಿಮಗ ಕೆಲವರಿಗೆ ಗೊತ್ತಿರಲಿಕ್ಕಿಲ್ಲ, ಕರಡಗ್ಯಾಗ ಇಟ್ಟು ಕೊಳ್ಳಾಗ ಲಿಂಗಾ ಕಟ್ಟತೀವಿ. ಗಂಡಸರಿಗೂ, ಹೆಣಮಕ್ಕಳಿಗೂ. ದಿನಾ ಮುಂಜಾನೆ ಜಳಕಾ ಮಾಡಿ, ಕರಡಗಿ ತಗದು, ಲಿಂಗಾ ಎಡಗೈ ಮ್ಯಾಲ ಇಟ್ಟು ಪೂಜಿ ಮಾಡೂದು. ಅದು ಆದ ಮ್ಯಾಲ ಊಟ. ಮೈಮ್ಯಾಲ ಲಿಂಗಾ ಇಲ್ಲ ಅಂದ್ರ ತುತ್ತು ಎತ್ತೂ ಹಂಗಿಲ್ಲ. ಬ್ಯಾರೆ ಮಂದಿಗೆ ಆ ಕೈ ಭಿಕ್ಷುಕನ ಕೈ ಅನಸ್ತಿತ್ತು. ಉಳವಪ್ಪಗ ಪೂಜಾದ ಕೈ ಅನಸ್ತು. ಹುಟ್ಟಿದಾಗಿಂದ ನೋಡೇ ನೋಡ್ಯಾನಲ್ಲ. ಎಡಗೈ, ನಡಬರಕ ದುಂಡಗ… ಇಡೂದು ಏನು ಅಂತ ಅವಗ ಯಾರು ಹೇಳಬೇಕು?

ಕರಡಗಿ ತಗದಾ.

"ಬ್ಯಾಡೋ," ಅಂದಾ ಭರಮಪ್ಪ, ಸಣ್ಣ ದನೀಲೆ.

"ಒಂದು ನಿಮಿಷ. ಬಾಗಲಾ ತಗದ ಕೂಡ್ಲೆ ತಗೋತೀನಿ."

"ನಿಮ್ಮ ದೇವರು ನಿಮ್ಮ ಕೊಳ್ಳಾಗ ಇರ್ಲಿ."

"ಸುಮ್ಮಿರೋ…"

ಇಟ್ಟಾ.

ಗೋಣಿಚೀಲಾ ಹಾರಲಿಲ್ಲ. ನೀರು ಬರಲಿಲ್ಲ. ಕೈ ಮೆಲ್ಲಕ ಕೆಳಗ ಹೋತು. ಕಟ್ ಅಂತ ಒಂದ ಸಪ್ಪಳ, ಬಾಗಲಾ ಚಿಲಕಾ ಬಿದ್ದಂಗ. ಆಮ್ಯಾಲ ಚಪ್ಪಡಿ ಸರೀತು. ಗರ್‌ರ್‌ರ್… ಬೀಸೂಕಲ್ಲಿನಂಗ. ಉಳವಪ್ಪ ಲಿಂಗಾ ತಗೊಳ್ಳಾಕ ಕೈ ಚಾಚಿದಾ. ಕಲ್ಲಿನ ಕೈ ಮಗ್ಗಲಾ ಹೊಳ್ಳಿತು. ಲಿಂಗಾ ಉರುಳಿ ಗ್ವಾಡಿಯೊಳಗ ಹೋತು. ಟಕ್… ಟಕ್… ಟಕ್. ಬಾಳ ಹೊತ್ತು ಕೇಳಸ್ತಂತ ಅದು. ಆ ಗ್ವಾಡಿ ಅಷ್ಟು ದಪ್ಪ ಇರಾಕ ಶಕ್ಯಾನ ಇಲ್ಲ.

ಚಪ್ಪಡಿ ಹಿಂದ ಖೋಲಿ. ಬಂಗಾರ ಇಲ್ಲ, ಕೊಪ್ಪರಗಿ ಇಲ್ಲ. ನೆಲಾ ಒಣ ಒಣ. ಆಗ ಸಾರಿಸಿದಂಗ. ಎದುರಿಗೆ ಗ್ವಾಡ್ಯಾಗ ಮೂರು ಮೂಲಿ ಗೂಡು. ಅದರಾಗ ಒಬ್ಬ ಮನಷಾ ಕಾಲು ಮಡಿಚಿ ಕುಂದ್ರೂವಷ್ಟ ಜಾಗಾ. ಎರಡೂ ಮಗ್ಗಲಾ ಇಬತ್ತಿ ಗಟ್ಟಿ ಸಾಲಾಗಿ ಹೊಂದಿಸಿತ್ತು. ಮ್ಯಾಲ ಬಿಲ್ವಪತ್ರಿ. ಹಸರು, ಈಗ ಹರದದ್ದು.

ಭರಮಪ್ಪಗ ತಿಳೀಲಿಲ್ಲ. ಉಳವಪ್ಪಗ ತಿಳೀತು. ನಮ್ಮಾಗ ಸತ್ತಾವರನ್ನ ಮಲಗಸೂದಿಲ್ಲ, ಕುಂದ್ರಿಸಿ ಮಣ್ಣು ಕೊಡತೀವಿ. ಕುಣಿಯೊಳಗ ಹಂತಾದ ಗೂಡು ತಗೀತೀವಿ. ಇಬತ್ತಿ, ಪತ್ರಿ, ಎಲ್ಲಾ ಹಂಗ. ತಯಾರ ಇತ್ತು. ಕುಂದ್ರಾಂವ ಒಬ್ಬ ಇರಲಿಲ್ಲ.

ಆಗ ಆ ಗೂಡಿನ ಒಳಗಿಂದ ದನಿ ಬಂತು. ಸಿಟ್ಟಿನ ದನಿ ಅಲ್ಲ. ಮನಿಗೆ ಬೀಗರು ಬಂದ್ರ ಪಡಸಾಲ್ಯಾಗಿಂದ ಹಿರ್ಯಾರು ಅಂತಾರಲ್ಲ, ಹಂಗ.

"ಬಂದ್ರ್ಯಾ…? ಕುಂದರ್ರಿ."

ಇಬ್ಬರೂ ಪಾವಟಿಗಿ ಹ್ಯಾಂಗ ಹತ್ತಿದ್ರೋ ಅವರಿಗೇ ಗೊತ್ತಿಲ್ಲ.

ಮರುದಿನ ಹೊತ್ತೇರೂದ್ರಾಗ ಉಳವಪ್ಪ ನನ್ನ ಖಾನಾವಳಿ ಬಾಗಲದಾಗ ನಿಂತಿದ್ದಾ. ಖಾನಾಪುರದ ಮೊದಲನೇ ಬಸ್ಸಿಗೆ ಬಂದಿದ್ದಾ. ಕಣ್ಣು ಒಳಗ ಹೋಗಿದ್ವು. ನಾ ಏನೂ ಕೇಳದ ತಾಟು ಇಟ್ಟೆ. ಎರಡು ಬಿಸಿ ರೊಟ್ಟಿ, ಎಣಗಾಯಿ, ಮೊಸರು. ನೋಡಿದಾ. ಮುಟ್ಟಲಿಲ್ಲ.

"ಉಣ್ಣೋ."

"ಹಸಿವಿಲ್ಲ ಅಕ್ಕಾ."

ಮಧ್ಯಾನ್ನ ಇಟ್ಟೆ. ಮುಟ್ಟಲಿಲ್ಲ. ರಾತ್ರಿ ಇಟ್ಟೆ. ಮುಟ್ಟಲಿಲ್ಲ. ನೀರು ಸುದ್ದಾ ಕುಡೀಲಿಲ್ಲ. ನನಗ ಸಂಶೇ ಬಂತು. ಮೊದಲ ಅಂದಕೊಂಡೆ, ಎಲ್ಲೋ ಹೆಣ್ಣಿನ ಭಾನಗಡಿ. ಆಮ್ಯಾಲ ಅಂದಕೊಂಡೆ, ಯಾರದೋ ಎಂಜಿನ್ ಸುಟ್ಟು ಓಡಿ ಬಂದಾನ. ಚೀಲಾ ತಗದು ನೋಡಿದೆ. ಪಾನಾ, ಒಂದು ಹಸಿ ಅಂಗಿ, ಮತ್ತೇನಿಲ್ಲ. ಅಂವ ಮಲಗಿದಾಗ ಮಾರಿ ಮೂಸಿ ನೋಡಿದೆ. ಸೆರೆ ವಾಸನಿ ಇಲ್ಲ. ಕೊಳ್ಳಾಗಿನ ಕರಡಗಿ ಮ್ಯಾಲ ಕೈ ಇಟ್ಟೆ… ಹಗರ ಇತ್ತು. ಮುಚ್ಚಳಾ ತಗದೆ. ಖಾಲಿ!

ಎಬ್ಬಿಸಿ ಕಪಾಳಕ್ಕ ಒಂದು ಕೊಟ್ಟೆ. ಆಮ್ಯಾಲ ತೆಕ್ಕಿ ಬಡದು ಅತ್ತೆ. ಆಗ ಬಾಯಿ ಬಿಟ್ಟಾ, ಎಲ್ಲಾ ಹೇಳಿದಾ.

ನಂಬಿದ್ನ್ಯಾ? ಇಲ್ಲ. ಮುಂಜಾನೆದ್ದು ನಮ್ಮ ಮಠದ ಅಜ್ಜಾರ ಹಂತ್ಯಾಕ ಕರಕೊಂಡು ಹ್ವಾದೆ. ಲಿಂಗಾ ಕಳಕೊಂಡಾವರಿಗೆ ಅಜ್ಜಾರು ಹೊಸಾದು ಕಟ್ಟತಾರ, ಅದೇನು ದೊಡ್ಡ ಮಾತಲ್ಲ ಅಂತ ನಾ ತಿಳಕೊಂಡಿದ್ದೆ. ಅಜ್ಜಾರು ಉಳವಪ್ಪನ್ನ ನೋಡಿದ್ರು. ಒಂದ ಮಾತು ಕೇಳಿದ್ರು.

"ತಮ್ಮಾ, ಕಳದೀಯೋ… ಕೊಟ್ಟೀಯೋ?"

ಉಳವಪ್ಪ ತೆಳಗ ನೋಡಿದಾ. "ಕೊಟ್ಟೀನ್ರಿ ಅಜ್ಜಾರ."

ಅಜ್ಜಾರು ಅವನ ಖಾಲಿ ಕರಡಗಿ ಮುಚ್ಚಿದ್ರು. ಆಮ್ಯಾಲ ಅಂದ್ರು, "ಕಳದಿದ್ರ ನಾ ಕೊಡ್ತಿದ್ದೆ. ಕೊಟ್ಟದ್ದನ್ನ ಕೊಟ್ಟಲ್ಲೇ ಬೇಡಿ ತಗೋಬೇಕು. ಹೋಗಿ ಕೇಳು. ಖರೇ ಒಬ್ಬಾಂವ ಹೋಗಬ್ಯಾಡ."

ಉಪವಾಸದ ಮೂರನೇ ದಿನ. ಉಳವಪ್ಪನ ತುಟಿ ಒಡದಿದ್ವು. ನಡದ್ರ ಜೋಲಿ ಹೊಡೀತಿದ್ದಾ. ಕಾಂತಾಗ ಸುದ್ದಿ ಹೇಳಲಿಲ್ಲ, ಬಸರಿ ಹೆಂಗಸು. ನಾ ಹತ್ತು ಕಟಕ ರೊಟ್ಟಿ, ಝುಣಕಾ ಅರಬ್ಯಾಗ ಕಟ್ಟಿಕೊಂಡು ಅವನ ಜೋಡಿ ಬೀಡಿಗೆ ಹೊಂಟೆ. ಬೇಡಿ ತಗೊಂಡ ಕೂಡ್ಲೆ ಉಣ್ಣಬೇಕಲ್ಲ ಹುಡುಗ. ನಿಮಗ ಹೇಳತೀನಿ, ನನಗ ದೆವ್ವದ ಚಿಂತಿ ಇರಲಿಲ್ಲ. ಇನ್ನೊಂದು ದಿನ ಉಪವಾಸ ಬಿದ್ರ ಇಂವ ಉಳಿಯೂದಿಲ್ಲ ಅನ್ನೂ ಚಿಂತಿ.

ನನ್ನ ಸಂಶೇ ಎಲ್ಲಾ ಭರಮಪ್ಪನ ಮ್ಯಾಲ ಇತ್ತು. ಬಂಗಾರ ಸಿಕ್ಕಿರಬೇಕು, ಉಳವಪ್ಪನ್ನ ಹೆದರಿಸಿ ಕಳಿಸಿ ತಾನ ಒಬ್ಬನ ಹೊಡಕೊಂಡಿರಬೇಕು ಅಂತ. ಸಿಕ್ಕ ಕೂಡ್ಲೆ ಬಾಜೂಕ ಕರದು ಕೇಳಿದೆ.

"ಖರೇ ಹೇಳು. ಒಳಗೇನಿತ್ತು?"

"ಮಾಯಕ್ಕ ದೇವಿ ಆಣಿ ಅಕ್ಕಾರ, ಏನೂ ಇರಲಿಲ್ಲ. ಅದಕ್ಕ ನಾ ಹೆದರೀನಿ."

ಬ್ಯಾರೆ ಬ್ಯಾರೆ ಕೇಳಿದೆ ಅಂದ್ನೆಲ್ಲ, ಆವತ್ತ ಕೇಳಿದ್ದು. ಒಂದು ಮಾತೂ ತಪ್ಪಲಿಲ್ಲ.

ಗೌಡ್ರ ಮನ್ಯಾಗ ಎಂಜಿನ್ ನೋಡೂದೈತಿ ಅಂತ ಹೇಳಿ ಬಾವಿಗೆ ಬಂದ್ವಿ. ತೂತು ಮುಚ್ಚಿ, ನೀರು ಹದಿನೇಳಕ್ಕ ಇಳಿಯೂದ್ರಾಗ ಕತ್ತಲಾಗಿ ಹೋತು. ಬಾವಿ ಮ್ಯಾಲ ನಾನು, ಭರಮಪ್ಪ. ಉಳವಪ್ಪನ ನಡಕ್ಕ ಹಗ್ಗಾ ನಾನ ಕಟ್ಟಿದೆ. ಭರಮಪ್ಪ ಕಟ್ಟತೀನಿ ಅಂದಾ, ನಾ ಕೊಡಲಿಲ್ಲ. ಮೂರು ಗಂಟು ಹಾಕಿ ಜಗ್ಗಿ ನೋಡಿದೆ.

"ಎರಡು ಸಲ ಜಗ್ಗಿದ್ರ ಎಳಕೋರಿ," ಅಂದಾ ಉಳವಪ್ಪ.

"ಏನರ ಕೊಡತೀನಿ ಅನ್ನಬ್ಯಾಡ. ಬೇಡೂದಷ್ಟ ಬೇಡು."

"ಹೂಂ ಅಕ್ಕಾ."

ಎಂಜಿನ್ ಬಂದ್ ಮಾಡಿದ್ವಿ. ಇಳದಾ. ಚಿಮಣಿ ಬೆಳಕು ಒಂದೊಂದ ಪಾವಟಿಗಿ ಕೆಳಗ ಹೋತು. ಗೂಡಿನ್ಯಾಗ ನಿಂತಿತು. ಆಮ್ಯಾಲ, ಕೈ ಮ್ಯಾಲ ಇಡಾಕ ಅವನ ಹಂತ್ಯಾಕ ಏನೂ ಇರದಿದ್ರೂ, ಚಪ್ಪಡಿ ಸರಿಯೂ ಬೀಸೂಕಲ್ಲಿನ ಸಪ್ಪಳ… ಗರ್‌ರ್‌ರ್. ಅಲ್ಲಿತನಕಾ ಅರ್ಧಾ ಸುಳ್ಳ ಅಂತ ತಿಳಕೊಂಡಿದ್ದೆ.

ದನಿ ಬಂತು. ಮಾತು ತಿಳೀಲಿಲ್ಲ. ಒಂದು ಉಳವಪ್ಪಂದು, ಇನ್ನೊಂದು… ಅದೂ ಹಂಗ, ಮೆತ್ತಗ. ಇಬ್ಬರು ಕಟ್ಟಿ ಮ್ಯಾಲ ಕುಂತು ಮಳಿ ಬೆಳಿ ಮಾತಾಡಿದಂಗ. ಎಷ್ಟೊತ್ತು ಅಂತೀರಿ! ನಾ ಶಿವಾ ಶಿವಾ ಅಂತ ನನ್ನ ಕರಡಗಿ ಗಟ್ಟಿ ಹಿಡದು ಕುಂತಿದ್ದೆ. ಆಮ್ಯಾಲ ಚಿಮಣಿ ಆರಿತು.

"ಉಳವ್ಯಾ!"

ಬಗ್ಗಿ ಮತ್ತ ಕೂಗಿದೆ.

"ಉಳವ್ಯಾ…!"

ಪಾವಟಿಗಿ ಮ್ಯಾಲ ಹೆಜ್ಜಿ ಸಪ್ಪಳ. ಚಪ್… ಚಪ್… ಚಪ್. ನಾ ಎಣಿಸಿದೆ. ಹದಿನೇಳು. ಕತ್ತಲಾಗಿಂದ ಉಳವಪ್ಪ ಮ್ಯಾಲ ಬಂದಾ. ನಗಾಕ ಹತ್ತಿದ್ದಾ.

"ಕೇಳಿದೆ ಅಕ್ಕಾ. ಕೊಟ್ರು."

ನಾ ಸುಮ್ಮ ಬಿಡಾಕಿ ಅಲ್ಲ. ಕಂದೀಲು ದೊಡ್ಡದು ಮಾಡಿ ಕರಡಗಿ ತಗಿಸಿದೆ. ಇತ್ತು. ಅವಂದ ಲಿಂಗಾ. ಮಾರಿ ನೋಡಿದೆ, ಅವಂದ ಮಾರಿ. ಹುಬ್ಬಿನ ಮ್ಯಾಲ ಸಣ್ಣಾಂವ ಇದ್ದಾಗ ಒಲಿ ತಾಗಿದ ಕಲಿ, ಅದೂ ಇತ್ತು. ಹಗ್ಗಾ ಎಲ್ಲಿ ಅಂದೆ. ತೆಳಗ ಬಿಚ್ಚಿಟ್ಟು ಬಂದೆ ಅಂದಾ. ಅಲ್ಲೇ ಆಲದ ಬೇರಿನ ಮ್ಯಾಲ ಕುಂದ್ರಿಸಿ ಗಂಟು ಬಿಚ್ಚಿ ರೊಟ್ಟಿ ಕೊಟ್ಟೆ. ಲಿಂಗಕ್ಕ ಮುಟ್ಟಿಸಿ, ಮುರದು ಬಾಯಾಗ ಇಟಗೊಂಡಾ. ನನ್ನ ಕಣ್ಣಾಗ ಬಳ ಬಳ ನೀರು. ಹಂತಾ ಸಂತೋಷ ನಾ ನನ್ನ ಲಗ್ನದಾಗೂ ಕಂಡಿಲ್ಲ. "ಸಾವಕಾಶ ತಿನ್ನೋ, ಖಾಲಿ ಹೊಟ್ಟಿ ಐತಿ," ಅಂದೆ.

"ಇನ್ನೊಂದು ಕೊಡ ಅಕ್ಕಾ," ಅಂದಾ.

ಹಿಂದಿಂದ ಭರಮಪ್ಪ ಕರದಾ. ಉಸರಿನ್ಯಾಗ ಕರದಂಗ.

"ಅಕ್ಕಾರ… ಚೂರ ಇಲ್ಲಿ ಬರ್ರಿ."

ಹ್ವಾದೆ. ಬಾವಿ ಅಂಚಿಗೆ ನಿಂತು ಹಗ್ಗಾ ಹಿಡದಿದ್ದಾ.

"ಹಗ್ಗಾ ಮ್ಯಾಲ ಬರವಲ್ದ್ರಿ."

"ಕಲ್ಲಿಗೆ ಸಿಕ್ಕಿರಬೇಕು."

"ಸಿಕ್ಕಿಲ್ರಿ. ಭಾರ ಐತಿ… ಹಿಡದು ನೋಡ್ರಿ."

ಹಿಡದೆ. ಭಾರ ಇತ್ತು. ಮನಷಾನಷ್ಟು ಭಾರ. ಹಿಡಕೊಂಡು ನಿಂತಾಗನ ಹಗ್ಗಾ ಜಗ್ಗಿತು. ಎರಡು ಸಲ. ನಿಂತಿತು. ಮತ್ತ ಎರಡು ಸಲ.

ಹಿಂದ ಆಲದ ಬುಡಕ್ಕ ನನ್ನ ತಮ್ಮ ರೊಟ್ಟಿ ಮುರಿಯಾಕ ಹತ್ತಿದ್ದಾ. ಕಟಕ್… ಕಟಕ್. ಮುಂದ ಕತ್ತಲಾಗ ಹಗ್ಗಾ ಜಗ್ಗಾಕ ಹತ್ತಿತ್ತು. ಭರಮಪ್ಪ ನನ್ನ ಮಾರಿ ನೋಡಿದಾ. ಕಂದೀಲು ನನ್ನ ಕೈಯಾಗ ಇತ್ತು. ಬಗ್ಗಿ ಹಿಡದು ನೋಡಿದ್ರ ಮುಗೀತಿತ್ತು. ಹಾಲಿನ ಬಟ್ಟಲದಾಗ ಬೆರಳು ಅದ್ದಿ ನೋಡಾಕಿ ನಾ… ನೋಡಲಿಲ್ಲ. ಮೂರು ದಿನಾ ಉಪವಾಸ ಇದ್ದಾಂವ ಉಣ್ಣಾಕ ಹತ್ಯಾನ, ನನಗ ಅಷ್ಟ ಸಾಕಾಗಿತ್ತು. ಮತ್ತ ಸಂಶೇ ಮಾಡೂ ಶಕ್ತಿ ಇದ್ದಿಲ್ಲ.

"ಬಿಡು," ಅಂದೆ.

"ಅಕ್ಕಾರ…"

"ಬಿಡೋ!"

ಬಿಟ್ಟಾ. ಹಗ್ಗಾ ಕಲ್ಲಿನ ಮ್ಯಾಲ ಸರ್‌ರ್ ಅಂತ ಹೋತು. ಗುಳುಂ ಅಂತು. ಕೂಗು ಬರಲಿಲ್ಲ. ಗೋಣಿಚೀಲಾ ಭಸ್ ಅಂತ ಹಾರಿದ್ದು ಕೇಳಸ್ತು, ನೀರು ಏರಿದ್ದು ಕೇಳಸ್ತು. ತಿರುಗಿ ನೋಡಿದೆ. ಉಳವಪ್ಪ ಕೈ ತೊಳಕೊಳ್ಳಾಕ ನೀರು ಕೇಳಿದಾ.

ಭರಮಪ್ಪ ಆ ವಾರದಾಗ ಎಂಜಿನ್ ಕೆಲಸಾ ಬಿಟ್ಟು ಲೋಂಡಾಕ್ಕ ಹ್ವಾದಾ. ಅಲ್ಲಿ ನಾಟಾ ಹೇರೂ ಕೆಲಸಾ ಹಿಡದಾನಂತ. ನನಗ ಭೆಟ್ಟಿ ಆಗಿಲ್ಲ. ಆದ್ರ ಏನು ಮಾತಾಡೂಣು ನಾವಿಬ್ಬರ? ನಾ ಮಾಡಿದ್ದು ಪುಣ್ಯೇನೋ ಪಾಪೇನೋ, ಒಂಬತ್ತು ವರ್ಷ ಆತು, ರೊಟ್ಟಿ ಬಡಿಯೂಮುಂದ ಕೈ ನಿಂತು ಬಿಡತಾವ ನನ್ನವು.

ಉಳವಪ್ಪ ಚಲೋ ಅದಾನ. ಖಾನಾಪುರದಾಗ ಸ್ವಂತ ಅಂಗಡಿ ಐತಿ. ಎರಡು ಹೆಣಮಕ್ಕಳು. ಮೊದಲಿನಕಿಂತ ಶಾಂತ ಆಗ್ಯಾನ, ಕಾಂತಾಗ ಒಂದು ಮಾತು ಏರಿಸಿ ಅಂದಿಲ್ಲ. ತಿಂಗಳಿಗೊಮ್ಮೆ ಬರತಾನ. ನೀವ ಕುಂತೀರಲ್ಲ, ಅಲ್ಲೇ ಕುಂತು ಉಣತಾನ. ಅಕ್ಕಾ ಅಂತಾನ. ನಾನೂ ತಮ್ಮಾ ಅಂತೀನಿ. ಮತ್ತೇನೂ ಕೇಳೂದಿಲ್ಲ.

ಹೋದ ಬ್ಯಾಸಗ್ಯಾಗ ಅವರ ಮನಿಗೆ ಹೋಗಿದ್ದೆ. ಕಾಂತಾ ಮನಿಗೆ ಸುಣ್ಣಾ ಹಚ್ಚಾಕ ಹತ್ತಿದ್ಲು. "ನೋಡ್ರಿ ಅಕ್ಕಾರ," ಅಂದ್ಲು, "ಪೂರ್ತಿ ಮನ್ಯಾಗ ಸುಣ್ಣಾ ಹಿಡೀತೈತಿ, ಇಷ್ಟ ಜಾಗಾದಾಗ ಹಿಡಿಯೂದಿಲ್ಲ. ಎಷ್ಟು ವರ್ಷಾ ಹಚ್ಚಿದ್ನಿ, ಉದುರಿ ಬೀಳತೈತಿ." ಪಡಸಾಲಿ ಗ್ವಾಡಿ. ಸಂಜಿಕೆ ಉಳವಪ್ಪ ಬೆನ್ನು ಹಚ್ಚಿ ಕುಂದ್ರೂ ಜಾಗಾ. ಆಕಿ ಸುಮ್ಮ ಮನಿ ಕೆಲಸದ ಮಾತು ಹೇಳಿದ್ಲು, ಮುಂದ ಹ್ವಾದ್ಲು.

ನಾ ಹಂತ್ಯಾಕ ಹೋಗಿ ಕೈ ಇಟ್ಟೆ. ಮೇ ತಿಂಗಳು ರೀ. ಓಣ್ಯಾಗ ಬಾವಿ ಎಲ್ಲಾ ಬತ್ತಿದ್ವು. ಈ ಕೈಲೆ ಮುಟ್ಟೀನಿ, ಯಾರೋ ಹೇಳಿದ್ದಲ್ಲ. ಆ ಗ್ವಾಡಿ ಹಸಿ ಇತ್ತು.